ಪೆಟ್ಟಿ ಅದ?

ಕಳೆದ ಶನಿವಾರ ಬೆಳಗ್ಗೆ, ಆರೇಳು ತಿಂಗಳಿಂದ ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ಇಸ್ತ್ರಿಪೆಟ್ಟಿಗೆಯನ್ನು ಹೊರಗೆ ತೆಗೆದೆ. ಕ್ವಾಲಾಲಂಪುರದ ಪಕ್ಕದ ಈ ಸೈಬರ್‌ಜಯಾದಲ್ಲಿ ನನ್ನಂಥವನಿಗೆ ಇಸ್ತ್ರಿ ಬೇಕಾಗುವುದು ಅಪರೂಪ. ಡೇಟಾ ಸೆಂಟರಿನ ಕೊರೆಯುವ ಚಳಿಯಲ್ಲಿ ಜಾಕೆಟ್ ತೊಟ್ಟುಕೊಂಡು, ಸಾಲಾಗಿ ನಿಂತ ಕಂಪ್ಯೂಟರುಗಳಿಗೆ ಜ್ವರ ಬಂದಿದೆಯೇ ಎಂದು ನೋಡುತ್ತ ಓಡಾಡುವ ಕೆಲಸ ನನ್ನದು. ಒಳಗಿನ ಶರಟು ಎಷ್ಟೇ ಮುದುಡಿರಲಿ, ಅವು ದೂರು ಕೊಡುವುದಿಲ್ಲ. ಅವತ್ತು ಸಹೋದ್ಯೋಗಿಯೊಬ್ಬನ ಮದುವೆಯ ಊಟವಿತ್ತು. ಸ್ವಿಚ್ಚು ಹಾಕಿದೆ. ಪೆಟ್ಟಿಗೆ ಬಿಸಿಯಾಗುತ್ತಿದ್ದಂತೆ ಅದರ ಮೈಮೇಲಿನ ಧೂಳು ಸುಟ್ಟು ಒಂದು ವಾಸನೆ ಎದ್ದಿತು. ನಿಮಗೂ ಗೊತ್ತಿರುತ್ತದೆ. ಹೊಗೆಯಲ್ಲ, ಸೀದದ್ದೂ ಅಲ್ಲ. ಬಹಳ ದಿನ ಬಾಗಿಲು ಹಾಕಿದ್ದ ಕೋಣೆಯೊಂದನ್ನು ಬಾಣಲೆಗೆ ಹಾಕಿ ಹದವಾಗಿ ಹುರಿದಂಥ ವಾಸನೆ.

ನಿಮಗದು ಇಸ್ತ್ರಿಯ ವಾಸನೆ. ನನಗೆ ಖಾಜಾ ಸಾಹೇಬರ ಮನೆಯ ವಾಸನೆ.

ಒಂದು ತೋಳಿಗೆ ಇಸ್ತ್ರಿ ಮುಗಿದಿತ್ತು. ಇನ್ನೊಂದನ್ನು ಹಾಗೇ ಬಿಟ್ಟು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ, ಮುಚ್ಚಿದೆ. ಬಾಲ್ಕನಿಗೆ ಹೋದೆ, ಬಂದೆ. ಮತ್ತೆ ಫ್ರಿಜ್ಜು. ಎರಡು ನಿಮಿಷದಲ್ಲಿ ಅದರೊಳಗೆ ಹೊಸದೇನೂ ಹುಟ್ಟಿರಲಿಲ್ಲ. ಎರಡು ವರ್ಷದಿಂದ ನನಗೆ ಹೀಗೆ ಆಗಾಗ ಆಗುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಕಾಫಿ ಹೆಚ್ಚಾಯಿತು ಎಂದು ಸ್ನೇಹಿತರಿಗೆ ಹೇಳುತ್ತೇನೆ. ನಿಮಗೆ ನಿಜ ಹೇಳುತ್ತೇನೆ, ಆದರೆ ಮೊದಲು ಆ ಮನೆಯನ್ನು ತೋರಿಸಬೇಕು.

ಖಾಜಾ ಸಾಹೇಬರು ಕಲಬುರಗಿಯವರು. ಕ್ವಾಲಾಲಂಪುರದ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ನೋಡಿಕೊಳ್ಳುವ ಎಂಜಿನಿಯರು. ನಾನು ತುಮಕೂರಿನಿಂದ ಈ ದೇಶಕ್ಕೆ ಬಂದ ಹೊಸದರಲ್ಲಿ, ಸುಬಾಂಗ್ ಜಯಾದ ಅವರ ಸಾಲುಮನೆಯ ಮಹಡಿಯ ಕೋಣೆಯಲ್ಲಿ ಒಂದೂವರೆ ವರ್ಷ ಇದ್ದೆ. ಕೋಣೆ ತೋರಿಸಲು ಕರೆದೊಯ್ದವರು ಮೆಟ್ಟಿಲ ಮೇಲೆ ನಿಂತು ಒಂದೇ ಷರತ್ತು ಹಾಕಿದರು: ಮನೆಯ ಟಿವಿಗಳನ್ನು ಮುಟ್ಟಬಾರದು. ನಾನು ಮೊಬೈಲಿನಲ್ಲೇ ನೋಡಿಕೊಳ್ಳುತ್ತೇನೆ ಎಂದೆ. ಆಮೇಲೆ ಅವರು ಬಹುವಚನ ಬಳಸಿದ್ದು ತಲೆಗೆ ಹೋಯಿತು. ಮೆಟ್ಟಿಲ ಕೆಳಗೊಂದು ಟಿವಿ, ಊಟದ ಮೇಜಿನ ಪಕ್ಕ ಎರಡು, ಚಪ್ಪಲಿ ಬಿಡುವ ಜಾಗದಲ್ಲಿ ಒಂದು. ಸ್ನಾನದ ಮನೆಗೆ ಹೋಗಬೇಕಾದರೆ ಇನ್ನೂ ಎರಡರ ನಡುವೆ ಅಡ್ಡಡ್ಡ ಸರಿದು ಹೋಗಬೇಕು. ಒಟ್ಟು ಹನ್ನೊಂದು.

ಟಿವಿ ಎಂದರೆ ನೀವು ಅಂದುಕೊಳ್ಳುವಂಥವಲ್ಲ. ಎರಡನೇ ಮಹಾಯುದ್ಧ ಮುಗಿದ ಮೊದಲ ಐದಾರು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಸೆಟ್ಟುಗಳು. ಒಂದೊಂದು ಬೀರುವಿನಷ್ಟು ದೊಡ್ಡದು, ಪರದೆ ಮಾತ್ರ ಚಪಾತಿಯಷ್ಟು. ಚಿತ್ರ ಇಷ್ಟು ಚಿಕ್ಕದಾಯಿತಲ್ಲ ಎಂದು ಆ ಕಾಲದವರಿಗೇ ಅನ್ನಿಸಿ, ಒಂದರ ಮುಂದೆ ಎಣ್ಣೆ ತುಂಬಿದ ದಪ್ಪ ಗಾಜು ನಿಲ್ಲಿಸಿದ್ದರು. ಅದರ ಹಿಂದೆ ಯಾರು ಹಾದುಹೋದರೂ ಮೂಗು ಮಾತ್ರ ಆನೆಯದಾಗುತ್ತಿತ್ತು. ಮನೆಯಾಕೆ ನಸೀಮಾ ಆಪಾ ರಾಯಚೂರಿನವರು. ಬಂದ ಅತಿಥಿಗಳಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು:

“ಹನ್ನೊಂದು ಟಿವಿ ಅವ ನಮ್ಮ ಮನ್ಯಾಗ. ನೋಡ್ಲಿಕ್ಕೆ ಒಂದೂ ಇಲ್ಲ.”

ಮಗಳು ಸನಾ ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಬ್ಬಾ, ದಿಸ್ ಈಸ್ ನಾಟ್ ಎ ಹೌಸ್ ಲಾ, ದಿಸ್ ಈಸ್ ಎ ಸ್ಟೋರ್‌ರೂಮ್” ಎಂದು ಅಪ್ಪನಿಗೆ ದಿನಕ್ಕೊಮ್ಮೆ ಘೋಷಿಸಿ ಕಾಲೇಜಿಗೆ ಹೋಗುತ್ತಿದ್ದಳು.

ಈ ಸೆಟ್ಟುಗಳು ಈ ದೇಶಕ್ಕೆ ಬಂದದ್ದೇ ಒಂದು ತಮಾಷೆ. ಆಗ ಮಲಯಾದಲ್ಲಿ ಟಿವಿ ಪ್ರಸಾರವೇ ಇರಲಿಲ್ಲ. ಅದು ಬಂದದ್ದು ಅರವತ್ತರ ದಶಕದಲ್ಲಿ. ರಬ್ಬರ್ ತೋಟಕ್ಕೋ ಆಸ್ಪತ್ರೆಗೋ ಕೆಲಸಕ್ಕೆ ಬಂದ ಬಿಳಿಯರು ಮನೆಸಾಮಾನಿನ ಜೊತೆ ಇದನ್ನೂ ಹಡಗಿಗೆ ಹತ್ತಿಸಿಬಿಟ್ಟಿದ್ದರು. ಪಾಪ, ಇವು ಲಂಡನ್ನಿನ ಒಂದೇ ಪ್ರಸಾರ ಗೋಪುರದ ಮಾತು ಕೇಳಲು ಹುಟ್ಟಿದಂಥವು. ಮುಂದೆ ಇಲ್ಲಿ ಪ್ರಸಾರ ಶುರುವಾದಾಗಲೂ ಇವಕ್ಕೆ ಅದು ಅರ್ಥವಾಗಲಿಲ್ಲ. ಚಿತ್ರ ನೇಯುವ ಗೆರೆಗಳ ಲೆಕ್ಕವೇ ಬೇರೆ. ಹೀಗೆ ಹುಟ್ಟಿದಾರಭ್ಯ ಏನನ್ನೂ ತೋರಿಸದ ಟಿವಿಗಳನ್ನು ಸಾಹೇಬರು ಪೆನಾಂಗಿನ ಗುಜರಿಯಿಂದ, ಇಪೋದ ಹಳೇ ಸಾಮಾನಿನ ಸಂತೆಯಿಂದ, ಯಾರದೋ ಹಿತ್ತಲಿನಿಂದ ಹುಡುಕಿ ತಂದು, ಭಾನುವಾರ ಬೆಳಗ್ಗೆ ಒಂದೊಂದನ್ನೇ ಎಬ್ಬಿಸುತ್ತಿದ್ದರು. ಒಮ್ಮೆಗೇ ಕರೆಂಟು ಕೊಟ್ಟರೆ ಗಾಬರಿಯಾಗಿ ಸತ್ತೇ ಹೋಗುತ್ತವಂತೆ. ಒಂದು ತಿರುಗುಗುಂಡಿಯಿಂದ ಸ್ವಲ್ಪ ಸ್ವಲ್ಪವೇ ಕರೆಂಟು ಉಣ್ಣಿಸುತ್ತ, ಒಳಗಿನ ಗಾಜಿನ ವಾಲ್ವುಗಳು ಕೆಂಪಗೆ ಬೆಳಗುವವರೆಗೂ ಅವರು ಉಸಿರು ಹಿಡಿದು ಕೂರುತ್ತಿದ್ದರು. ಆಗ ಏಳುತ್ತಿತ್ತು ಆ ವಾಸನೆ.

ಅವರಿಗೆ ಈ ಹುಚ್ಚು ಹತ್ತಿಸಿದವರು ಅವರ ತಂದೆ. ಕಲಬುರಗಿಯ ಬಜಾರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಯಾವುದೋ ಹಳೆಯ ಬಿಡಿಭಾಗಗಳ ಪೊಟ್ಟಣಕ್ಕೆ ಸುತ್ತಿ ಬಂದಿದ್ದ ದೊಡ್ಡ ಹಾಳೆಯೊಂದು ಅವರ ಕೈಗೆ ಸಿಕ್ಕಿತು: ಒಂದು ಇಂಗ್ಲಿಷ್ ಟಿವಿಯ ಸರ್ಕ್ಯೂಟ್ ನಕ್ಷೆ. ಟಿವಿಯನ್ನೇ ಕಣ್ಣಾರೆ ನೋಡದ ಮನುಷ್ಯ ಆ ಹಾಳೆಯನ್ನು ಗೋಡೆಗೆ ಅಂಟಿಸಿ, ರಾತ್ರಿ ಹಗಲು ಅದರ ಗೆರೆಗಳ ಮೇಲೆ ಬೆರಳು ಓಡಿಸಿ, ಕೊನೆಗೆ ಮಗನಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಮೊದಲನೇ ವಾಲ್ವು ಏನು ಮಾಡುತ್ತದೆ, ಅದರಿಂದ ಎರಡನೆಯದಕ್ಕೆ ದಾರಿ ಯಾವುದು, ಚಿತ್ರ ಎಲ್ಲಿ ಕವಲೊಡೆಯುತ್ತದೆ, ದನಿ ಎಲ್ಲಿ. ಕೆಲವೇ ತಿಂಗಳು ತಯಾರಾಗಿ ನಿಂತುಹೋದ ಮಾದರಿ ಅದು. ತಂದೆ ಅದನ್ನು ನೋಡದೆಯೇ ತೀರಿಕೊಂಡರು. ಮನೆಯಲ್ಲಿದ್ದ ಹನ್ನೊಂದರಲ್ಲಿ ಅದೊಂದು ಇರಲಿಲ್ಲ. ಹನ್ನೆರಡನೆಯದು ಅದೇ ಆಗಬೇಕು, ಅದರೊಳಗೆ ಒಮ್ಮೆ ದೀಪ ಹತ್ತಬೇಕು, ಅಷ್ಟಾದರೆ ಉಳಿದ ಹನ್ನೊಂದನ್ನೂ ನಿನ್ನ ತಮ್ಮನಿಗೆ ಕೊಟ್ಟುಬಿಡುತ್ತೇನೆ ಎಂದು ಸಾಹೇಬರು ಆಪಾಗೆ ಮಾತು ಕೊಟ್ಟಿದ್ದರು. ಆಪಾನ ತಮ್ಮ ಅಂದಿನಿಂದ ಈ ಮನೆಗೆ ಬರುವುದನ್ನು ಬಿಟ್ಟಿದ್ದ.

ಇನ್ನು ನನ್ನ ಬಗ್ಗೆ. ನನ್ನ ಗಂಟಲಲ್ಲಿ ಒಂದು ಊರೇ ಬಾಡಿಗೆಗಿದೆ. ಯಾರ ಮಾತನ್ನಾದರೂ ಎರಡು ನಿಮಿಷ ಕೇಳಿದರೆ ಸಾಕು, ಮೂರನೇ ನಿಮಿಷಕ್ಕೆ ಅವರು ನನ್ನ ಬಾಯಿಂದ ಹೊರಬರುತ್ತಾರೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ, ಅದೇ ದನಿಯಲ್ಲಿ ಬೈಸಿಕೊಂಡವನು ನಾನು. ಸಮಸ್ಯೆಯೆಂದರೆ ನನ್ನದೇ ದನಿ ನನಗೆ ಅಷ್ಟಾಗಿ ಪರಿಚಯವಿಲ್ಲ. ರೆಕಾರ್ಡು ಮಾಡಿ ಕೇಳಿದರೆ ಮುಚ್ಚಳ ಸಡಿಲವಾದ ಮಿಕ್ಸಿಯ ಹಾಗಿರುತ್ತದೆ. ಊರಿಗೆ ಫೋನು ಮಾಡಿದರೆ ನಮ್ಮಮ್ಮ, ಮೊದಲು ನಿನ್ನ ದನಿ ಹಾಕು, ಆಮೇಲೆ ಮಾತಾಡು, ಅನ್ನುತ್ತಾಳೆ.

ಸಾಹೇಬರ ದನಿ ನನ್ನ ಗಂಟಲಿಗೆ ಮೊದಲ ವಾರವೇ ಬಂತು. ಅದರಲ್ಲಿ ಎಲ್ಲರಿಗೂ ಇಷ್ಟವಾದದ್ದು ಅವರ ಮಲಯ ಭಾಷೆ. ಮಲಯದಲ್ಲಿ ‘ಅದ’ ಎಂದರೆ ‘ಇದೆ’. ಕಲಬುರಗಿಯಲ್ಲೂ ‘ಅದ’ ಎಂದರೆ ‘ಇದೆ’. ಮಲಯದಲ್ಲಿ ‘ಪೆಟಿ’ ಎಂದರೆ ಪೆಟ್ಟಿಗೆ, ಟಿವಿಗೂ ಅವರು ಪೆಟಿ ಅಂತಲೇ ಅನ್ನುತ್ತಾರೆ, ಕಲಬುರಗಿಯಲ್ಲಿ ಪೆಟ್ಟಿ. ಹಾಗಾಗಿ “ಪೆಟ್ಟಿ ಅದ?” ಎಂಬ ಎರಡೇ ಪದ ಇಟ್ಟುಕೊಂಡು ಸಾಹೇಬರು ಇಡೀ ದೇಶ ಸುತ್ತಿ ಹನ್ನೊಂದು ಟಿವಿ ತಂದಿದ್ದರು. ನಾವೆಲ್ಲ ಇಲ್ಲಿ ಬಂದು ಭಾಷೆ ಕಲಿಯಲು ಹೆಣಗುವಾಗ ಅವರು ಮಾತ್ರ, ಈ ಮಂದಿ ನಮ್ಮ ಕಡೆಯವರೇ, ಒಂದೀಟು ಮಾತು ಮರ್ತಾರ, ಎಂದು ನಂಬಿದ್ದರು. ವಯಸ್ಸಾದ ಹೆಂಗಸರನ್ನು ಇಲ್ಲಿ ‘ಮಕ್ ಚಿಕ್’ ಎಂದು ಕರೆಯುತ್ತಾರೆ. ನಮ್ಮ ಚಿಕ್ಕಮ್ಮನ್ನ ತಿರುಗಿಸಿ ಇಟ್ಟಾರ ನೋಡು, ಅನ್ನುತ್ತಿದ್ದರು.

ಒಂದು ಭಾನುವಾರ ಇಪೋದ ಸಂತೆಯಲ್ಲಿ ಅವರಿಗೆ ಹಳೆಯ ಫೋಟೋ ಒಂದು ಸಿಕ್ಕಿತು. ಬಿಳಿಯ ಡಾಕ್ಟರನೊಬ್ಬನ ಬಂಗಲೆಯ ವರಾಂಡ. ಅಡುಗೆಯವನು ಕೈಕಟ್ಟಿ ನಿಂತಿದ್ದಾನೆ. ಅವನ ಪಕ್ಕದಲ್ಲಿ ಹೆಗಲು ಇಳಿಬಿಟ್ಟ, ಬೇಕಲೈಟ್ ಎಂಬ ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್ಕಿನ ಕಂದು ಪೆಟ್ಟಿಗೆ, ಎರಡು ದುಂಡು ಗುಂಡಿ, ಮೇಲೊಂದು ಹೂದಾನಿ. ಏನೂ ತೋರಿಸದ ಟಿವಿಯ ಮೇಲೆ ಹೂವಾದರೂ ಇರಲಿ ಎಂದು ಇಟ್ಟಿರಬೇಕು. ಸಾಹೇಬರು ಫೋಟೋ ಹಿಡಿದುಕೊಂಡು ಸಂತೆಯ ಮಧ್ಯೆ ಕುಕ್ಕರಗಾಲಲ್ಲಿ ಕೂತುಬಿಟ್ಟರಂತೆ. ನಕ್ಷೆಯ ಮೂಲೆಯಲ್ಲಿ ಇದೇ ಹೆಗಲಿನ ಚಿಕ್ಕ ಚಿತ್ರವೊಂದಿತ್ತು. ಅಂಗಡಿಯವನಿಗೆ ಆ ಅಡುಗೆಯವನು ಗೊತ್ತು. ತೀರಿಕೊಂಡು ಬಹಳ ಕಾಲವಾಯಿತು, ಹೆಂಡತಿ ರೊಕಿಯಾ ಟೈಪಿಂಗ್ ಎಂಬ ಊರಿನಲ್ಲಿದ್ದಾಳೆ ಎಂದು ಫೋನ್ ನಂಬರು ಕೊಟ್ಟ.

ಮನೆಗೆ ಬಂದು ನನ್ನೆದುರೇ ಫೋನು ಮಾಡಿದರು. “ಪೆಟ್ಟಿ ಅದ?” ಆ ಕಡೆಯಿಂದ ಮುದುಕಿಯ ಉತ್ತರ ಬಂತು. ಸಾಹೇಬರ ಮುಖ ಅರಳಿತು. ಅದ ಅಂತ, ಗಾಡಿ ತೆಗಿ, ಎಂದರು. ಮೂರೂವರೆ ಗಂಟೆ ಉತ್ತರಕ್ಕೆ ಓಡಿಸಿಕೊಂಡು ಹೋದೆವು. ದಾರಿಯುದ್ದಕ್ಕೂ ವಾಲ್ವಿನ ಮಗ್ಗಿ ಹೇಳುತ್ತಿದ್ದರು. ರೊಕಿಯಾ ಮಕ್ ಚಿಕ್ ಅಂಗಳದಲ್ಲಿ ಕೋಳಿಗಳಿಗೆ ಅಕ್ಕಿ ಎರಚುತ್ತಿದ್ದವಳು ನಮ್ಮನ್ನು ನೋಡಿ ಬಹಳ ಆಶ್ಚರ್ಯಪಟ್ಟಳು. ಇಲ್ಲ ಅಂತ ಹೇಳಿದೆನಲ್ಲ ಎಂದಳು. ಮಲಯದಲ್ಲಿ ಇಲ್ಲ ಅನ್ನುವುದಕ್ಕೆ ‘ತಕ್ ಅದ’ ಅನ್ನುತ್ತಾರೆ, ಆ ‘ಕ್’ ಅನ್ನು ಗಂಟಲಲ್ಲೇ ನುಂಗಿಬಿಡುತ್ತಾರೆ. ಆಕೆ ಅಂದದ್ದು ‘ತಾ ಅದ’. ಸಾಹೇಬರು ಕೇಳಿಸಿಕೊಂಡದ್ದು ‘ಹಾಂ, ಅದ’.

ಆದರೆ ಹೋದದ್ದು ವ್ಯರ್ಥವಾಗಲಿಲ್ಲ. ಡಾಕ್ಟರ್ ತನ್ನ ದೇಶಕ್ಕೆ ಹೊರಟಾಗ ಪೆಟ್ಟಿಗೆಯನ್ನು ಅಡುಗೆಯವನಿಗೇ ಕೊಟ್ಟಿದ್ದ. ಈಗದು ಹಳ್ಳಿಯಲ್ಲಿರುವ ಆಕೆಯ ತಮ್ಮನ ಹಳೇ ಕೊಟ್ಟಿಗೆಯಲ್ಲಿ ಎಲ್ಲೋ ಇದೆ, ಸಾಮಾನಿನ ಅಡಿಯಲ್ಲಿ. ಕೊಟ್ಟಿಗೆ ಬಿಚ್ಚುವಾಗ ತರಿಸಿಟ್ಟು ಫೋನು ಮಾಡುತ್ತೇನೆ ಎಂದು ಚಹಾ ಕುಡಿಸಿ ಕಳಿಸಿದಳು. ಬರುವಾಗ ಸಾಹೇಬರು ಮಗ್ಗಿ ಹೇಳಲಿಲ್ಲ. ಸುಮ್ಮನೆ ನಗುತ್ತಿದ್ದರು.

ಆ ಕಥೆ ನನ್ನ ಕೈಗೆ ಸಿಕ್ಕಿದ ಮೇಲೆ ಕೇಳಬೇಕೆ. ಕನ್ನಡದವರು ಎಲ್ಲೇ ಸೇರಲಿ, ಈದ್ ಇರಲಿ, ದೀಪಾವಳಿ ಇರಲಿ, ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನ ರೊಟ್ಟಿ ಚನಾಯ್ ಇರಲಿ, ನಾನು ಎದ್ದು ನಿಂತು ಎರಡೂ ಪಾತ್ರ ಮಾಡುತ್ತಿದ್ದೆ. ಬಲಕ್ಕೆ ತಿರುಗಿದರೆ ಸಾಹೇಬರು, ಎಡಕ್ಕೆ ತಿರುಗಿದರೆ ಮಕ್ ಚಿಕ್. ಮಣಿಪಾಲದಿಂದ ಬಂದ ಡಾಕ್ಟರುಗಳು ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಸಾಹೇಬರೇ. ಇನ್ನೊಮ್ಮೆ ಮಾಡು ತಮ್ಮಾ, ಅನ್ನುತ್ತಿದ್ದರು. ಚಪ್ಪಾಳೆಗೆ ಅಭ್ಯಾಸವಾದವನ ಕೈ ಸುಮ್ಮನಿರುವುದಿಲ್ಲ, ನನಗಂತೂ ಗಂಟಲೂ ಸುಮ್ಮನಿರುವುದಿಲ್ಲ.

ಆರು ತಿಂಗಳಾದರೂ ಮಕ್ ಚಿಕ್‌ನ ಫೋನು ಬರಲಿಲ್ಲ. ಒಂದು ಶನಿವಾರ ಬೆಳಗ್ಗೆ, ಮಹಡಿಯ ನನ್ನ ಕೋಣೆಯಲ್ಲಿ ಕೂತು, ಆಫೀಸಿನವರು ಕೊಟ್ಟಿದ್ದ, ಅವರಿಗೆ ಗೊತ್ತಿಲ್ಲದ ಹೊಸ ನಂಬರಿನಿಂದ ಸಾಹೇಬರಿಗೆ ಫೋನು ಮಾಡಿದೆ. ಯಾಕೆ ಎಂದು ಕೇಳಬೇಡಿ. ಬೇಸರವಾಗಿತ್ತು. ಅಷ್ಟೇ. ಮುದುಕಿಯ ನಡುಗುವ ದನಿಯಲ್ಲಿ, ‘ಪೆಟಿ ಅದ. ದಾತಂಗ್ ಲಾ’ ಎಂದೆ. ಪೆಟ್ಟಿಗೆ ಇದೆ, ಬಾ ಎಂದು. ಫೋನಿಟ್ಟು, ಕೆಳಗಿನಿಂದ ಅವರ ಕೂಗು ಬರುವುದನ್ನು ಕಾಯುತ್ತ ಕೂತೆ. ಕೂಗಿದ ಕೂಡಲೇ ಅದೇ ದನಿಯಲ್ಲಿ ಮಾತಾಡುತ್ತ ಮೆಟ್ಟಿಲಿಳಿಯಬೇಕು, ಎಲ್ಲರೂ ನಗಬೇಕು, ಇದು ನನ್ನ ಯೋಜನೆ.

ಕೂಗು ಬರಲಿಲ್ಲ. ಬಾತ್‌ರೂಮಿನಲ್ಲಿ ನೀರು ಬಿದ್ದ ಸದ್ದು ಬಂತು. ಸಾಹೇಬರು ಎರಡನೇ ಸಲ ಸ್ನಾನ ಮಾಡುತ್ತಿದ್ದರು. ನಾನು ಮೆಟ್ಟಿಲ ತುದಿಗೆ ಬಂದು ನೋಡಿದಾಗ ಅವರು ಈದಿನ ಬಿಳಿ ಜುಬ್ಬ ಹಾಕಿಕೊಂಡು, ಗೋಡೆಯ ಮೇಲಿದ್ದ ತಂದೆಯ ನಕ್ಷೆಯನ್ನು ಚೌಕಟ್ಟಿನಿಂದ ಬಿಡಿಸಿ ಮಡಿಚುತ್ತಿದ್ದರು. ಆಪಾ ಪೆಟ್ಟಿಗೆಗೆ ಸುತ್ತಲು ತಮ್ಮ ಮದುವೆಯ ರಜಾಯಿ ತೆಗೆದು ಕೊಟ್ಟರು. ಆಪಾ ಅದನ್ನು ಯಾರಿಗೂ ಮುಟ್ಟಲು ಕೊಟ್ಟವರಲ್ಲ. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ. ಯಾವ ದನಿಯಲ್ಲಿ ಹೇಳಬೇಕೆಂದೇ ತೋಚಲಿಲ್ಲ. ಮುದುಕಿಯ ದನಿಯಲ್ಲಿ ಹೇಳಿದರೆ ಅದು ತಮಾಷೆಯಾಗಿ ಉಳಿಯುತ್ತಿರಲಿಲ್ಲ, ನನ್ನ ದನಿ ಹೊರಡಲಿಲ್ಲ. ಕಾರು ಹೋಯಿತು.

ಅವತ್ತು ಸಂಜೆಯವರೆಗೆ ನಾನು ಆ ಮನೆಯಲ್ಲಿ ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದೆನೋ, ಸಾಹೇಬರ ಲಿಫ್ಟುಗಳೂ ಅಷ್ಟು ಓಡಾಡಿರಲಿಕ್ಕಿಲ್ಲ.

ಸಂಜೆ ಬಂದರು. ರಜಾಯಿಯನ್ನು ಮಡಿಕೆ ಕೆಡದಂತೆ ವಾಪಸು ತಂದಿದ್ದರು. ಕೂತು ನೀರು ಕುಡಿದರು. ನನ್ನ ಮೇಲೆ ಅವರಿಗೆ ಸಂಶಯದ ಎಳೆಯೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

“ಆಕಿ ಫೋನೇ ಮಾಡಿಲ್ಲಂತ. ಮತ್ಯಾರೋ ರಾಂಗ್ ನಂಬರ್ ಇರಬೇಕು, ಏನೋ ಒಂದು ಅಂದಿರ್ತಾರ, ನಾ ‘ಪೆಟ್ಟಿ ಅದ’ ಅಂತ ಕೇಳೀನಿ” ಎಂದರು. ಆಮೇಲೆ ಎಡಗಿವಿಯನ್ನು ಬೆರಳಿನಿಂದ ತಟ್ಟಿಕೊಂಡರು. “ಕಿವಿ ಹೋಗ್ಯಾವ, ತಮ್ಮಾ.”

ಇಲ್ಲಿನ ಆ ಮಣಿಪಾಲದವರಲ್ಲೇ ಒಬ್ಬ ಕಿವಿ ಡಾಕ್ಟರಿಗೆ ತೋರಿಸಿದರು. ವಯಸ್ಸಿಗೆ ತಕ್ಕ ಹಾಗೆ ಸರಿಯಾಗಿಯೇ ಉಂಟು ಮಾರಾಯ್ರೆ ಎಂದು ಅವರು ಹೇಳಿದರೂ ಸಾಹೇಬರು ಒಪ್ಪಲಿಲ್ಲ. ಮೆಷಿನ್ನಿಗೆ ಏನು ಗೊತ್ತು, ಎರಡು ಸಲ ಮೋಸ ಹೋದವನು ನಾನು, ಎಂದರು. ಅಂದಿನಿಂದ ಯಾರು ಏನು ಹೇಳಿದರೂ ಎರಡು ಸಲ ಕೇಳುವುದು ಶುರುವಾಯಿತು. ಬಾಗಿಲ ಬೆಲ್ ಆದರೆ ಏಳುತ್ತಿರಲಿಲ್ಲ. ಆಪಾನ ಮುಖ ನೋಡಿ, ಬೆಲ್ ಆತೇನು, ಅನ್ನುತ್ತಿದ್ದರು. ಎರಡನೇ ಸಲ ಆದರೆ ಮಾತ್ರ ಎದ್ದು ಹೋಗುತ್ತಿದ್ದರು. ಫೋನನ್ನು ಪೂರ್ತಿ ಮೌನಕ್ಕೆ ಹಾಕಿ, ಮಾತು ಬೇಡ, ಮೆಸೇಜ್ ಹಾಕ್ರಿ ಎಂದು ಎಲ್ಲರಿಗೂ ತಿಳಿಸಿದರು. ಎಪ್ಪತ್ತು ವರ್ಷದ ಹಳೆಯ ಟಿವಿ ಮನೆಯಲ್ಲಿಟ್ಟುಕೊಂಡವರು ಮೆಸೇಜ್ ಹಾಕುವ ಪೈಕಿ ಅಲ್ಲವಲ್ಲ. ಹುಡುಕಾಟ ಅಲ್ಲಿಗೆ ನಿಂತಿತು. ಭಾನುವಾರದ ಆ ವಾಸನೆಯೂ ನಿಂತಿತು. ಮುಂದಿನ ಸಮಾರಂಭದಲ್ಲಿ ಯಾರೋ ನನ್ನನ್ನು ‘ತಾ ಅದ’ ಮಾಡು ಎಂದರು. ಗಂಟಲು ಕೆಟ್ಟಿದೆ ಎಂದೆ. ಸಾಹೇಬರು, ಏನಂದ, ಏನಂದ, ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನಾಲ್ಕು ತಿಂಗಳು ಹಾಗೂ ಹೀಗೂ ತಳ್ಳಿ, ಆಫೀಸು ದೂರವಾಗುತ್ತದೆ ಎಂದು ನೆಪ ಹೇಳಿ ಸೈಬರ್‌ಜಯಾಕ್ಕೆ ಬಂದುಬಿಟ್ಟೆ.

ಇಷ್ಟನ್ನೂ ನೆನಪಿಗೆ ತಂದದ್ದು ಆ ಇಸ್ತ್ರಿಪೆಟ್ಟಿಗೆಯ ಧೂಳು. ಶನಿವಾರ ಮೂರನೇ ಸಲ ಫ್ರಿಜ್ಜು ಮುಚ್ಚಿದವನು, ಒಂದು ತೋಳು ನೀಟಾಗಿ ಇನ್ನೊಂದು ತೋಳು ಮುದುಡಿದ್ದ ಶರಟನ್ನೇ ಹಾಕಿಕೊಂಡು ಕಾರು ತೆಗೆದೆ. ಮದುವೆ ಊಟಕ್ಕಲ್ಲ, ಸುಬಾಂಗಿಗೆ. ಇವತ್ತು ಹೇಳಿಬಿಡುವುದೆಂದು. ಹೆದ್ದಾರಿಯಲ್ಲಿ ಮೊದಲ ವಾಕ್ಯವನ್ನು ಬಗೆಬಗೆಯಾಗಿ ಹೇಳಿ ನೋಡಿದೆ. ಸುಬಾಂಗಿನ ತಿರುವು ಬಂತು. ಇಂಡಿಕೇಟರ್ ಹಾಕಲು ಕೈ ಏಳಲಿಲ್ಲ. ತಿರುವು ಹೋಯಿತು. ಮುಂದಿನದರಲ್ಲಿ ಹಿಂತಿರುಗೋಣ ಎಂದುಕೊಂಡೆ, ಅದೂ ಹೋಯಿತು. ಇಪೋದ ದಾರಿಯಲ್ಲಿರುವ ತಾಪಾ ಊರು ದಾಟಿದಾಗ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು.

ಮಕ್ ಚಿಕ್ ಇನ್ನೂ ಸಣ್ಣಗಾಗಿದ್ದಳು. ಅಂಗಳ ಅದೇ, ಕೋಳಿಗಳು ಬೇರೆ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಬೈಯಲು ಹೊತ್ತು ಬೇಕಾಗಲಿಲ್ಲ. ನನ್ನ ಅರೆಬರೆ ಮಲಯಕ್ಕೆ ತಿಳಿದಷ್ಟು ಇದು: ಹೋದ ವರ್ಷ ತಮ್ಮ ಕೊಟ್ಟಿಗೆ ಬಿಚ್ಚಿಸಿದ, ಪೆಟ್ಟಿಗೆ ಸಿಕ್ಕಿತು, ಇಲ್ಲಿಗೆ ತಂದಿಟ್ಟೆ. ನಿಮ್ಮ ಸಾಹೇಬನಿಗೆ ಎಷ್ಟು ಸಲ ಫೋನು ಮಾಡಿದೆ, ಎತ್ತಲೇ ಇಲ್ಲ. ಕಾದೆ, ಕಾದೆ. ಹಳೇ ಪೇಪರು, ಹಳೇ ಕಬ್ಬಿಣ ಎಂದು ಕೂಗುತ್ತ ಬರುವ ಗಾಡಿಯವನಿಗೆ ಒಳಗಿನ ಗಾಜು, ತಂತಿ, ಕಬ್ಬಿಣವನ್ನೆಲ್ಲ ಕೊಟ್ಟುಬಿಟ್ಟೆ.

ಹೊರಗಿನ ಡಬ್ಬಿ ಕೊಡಲಿಲ್ಲವಂತೆ. ಅಷ್ಟರಲ್ಲಿ ಕೋಳಿ ಅದರಲ್ಲಿ ಮೊಟ್ಟೆ ಇಡಲು ಶುರುಮಾಡಿತ್ತು.

ಹಿತ್ತಲಿಗೆ ಕರೆದುಕೊಂಡು ಹೋದಳು. ಬಾಳೆಗಿಡದ ನೆರಳಿನಲ್ಲಿ, ಎರಡು ಇಟ್ಟಿಗೆಯ ಮೇಲೆ, ಹೆಗಲು ಇಳಿಬಿಟ್ಟ ಆ ಕಂದು ಪೆಟ್ಟಿಗೆ. ಎರಡು ಗುಂಡಿಯೂ ಇದ್ದವು. ಪರದೆ ಇರಬೇಕಾದ ಕಿಂಡಿಯಲ್ಲಿ, ಕಾವಿಗೆ ಕೂತ ಒಂದು ಕೆಂಪು ಕೋಳಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಅಷ್ಟು ವರ್ಷ ಏನನ್ನೂ ತೋರಿಸದ ಟಿವಿಯಲ್ಲಿ ಕೊನೆಗೂ ಒಂದು ಕಾರ್ಯಕ್ರಮ, ಅದೂ ನೇರ ಪ್ರಸಾರ, ಬಣ್ಣದಲ್ಲಿ. ಬೇರೆ ದಿನವಾಗಿದ್ದರೆ ನಾನು ಕೋಳಿಯ ದನಿಯನ್ನೂ ಕಲಿತು ಬರುತ್ತಿದ್ದೆ. ಅವತ್ತು ನಗು ಬಾಯಿವರೆಗೆ ಬಂದು ಅಲ್ಲೇ ನಿಂತಿತು. ಮರಿ ಹೊರಗೆ ಬರುವವರೆಗೆ ಮುಟ್ಟುವಂತಿಲ್ಲ, ಆಮೇಲೆ ತಗೊಂಡು ಹೋಗು ಎಂದಳು ಮಕ್ ಚಿಕ್.

ಅಲ್ಲೇ ನಿಂತು ಆಪಾಗೆ ಫೋನು ಮಾಡಿದೆ. ಇವತ್ತ ಯಾರ ವೇಷ ಹಾಕಿ ಬಂದೀಯಪಾ ಎಂದು ನಗುತ್ತ ಅವರು ಫೋನನ್ನು ಸಾಹೇಬರ ಕೈಗೆ ಕೊಟ್ಟರು.

“ಸಾಹೇಬ್ರೇ, ನಾನು.”

“ನಾನು ಅಂದ್ರ? ಯಾರ ದನಿ ಇದು?”

“ನಂದೇ.”

“ನಿಂದು ಹಿಂಗದ ಏನು?”

ಹೇಳಿದೆ. ಆ ಶನಿವಾರ ಫೋನು ಮಾಡಿದ್ದು ರಾಂಗ್ ನಂಬರೂ ಅಲ್ಲ, ಮಕ್ ಚಿಕ್ಕೂ ಅಲ್ಲ, ಮಹಡಿಯ ಮೇಲಿಂದ ನಾನು. ಮಿಕ್ಸಿಯ ಮುಚ್ಚಳ ಪೂರ್ತಿ ಹಾರಿಹೋದಂತೆ ಒದರುತ್ತ ಹೋದೆ. ಆಕೆ ಆಮೇಲೆ ನಿಜವಾಗಿ ಫೋನು ಮಾಡಿದ್ದು, ಗಾಡಿಯವನು, ಗಾಜು, ಎಲ್ಲ.

“ಅವತ್ತ ನೀ ಏನಂದಿದ್ದಿ? ಅದೇ ಮಾತು ಹೇಳು.”

“ಪೆಟಿ ಅದ. ದಾತಂಗ್ ಲಾ. ಅಂತ.”

“ಅಂದ್ರ ನಾ ಕೇಳಿದ್ದು ಖರೇ.”

“ಖರೇ.”

“ನನ್ನ ಕಿವಿ ಛಲೋ ಅದ.”

ಅದು ಪ್ರಶ್ನೆಯಾಗಿರಲಿಲ್ಲ. ಆದರೂ ನಾನು, “ಅದ, ಸಾಹೇಬ್ರೇ” ಎಂದೆ. ಅವರ ಭಾಷೆಯನ್ನು ನಗಿಸುವುದಕ್ಕಲ್ಲದೆ ನಾನು ಆಡಿದ್ದು ಅದೇ ಮೊದಲು.

ಆಮೇಲೆ ಸಾಹೇಬರು, ಡಬ್ಬಿಯ ಗುಂಡಿಗಳು ಅವ ಏನು ಎಂದು ಕೇಳಿದರು. ಎರಡೂ ಇವೆ ಎಂದೆ. ಹಿಂದಿನ ಹಲಗೆ? ಇಲ್ಲ. ಒಳಗೆ ವಾಲ್ವು ಕೂರುವ ಜಾಗ? ಏನೂ ಇಲ್ಲ, ಕೋಳಿ ಇದೆ ಎಂದೆ. ಅವರು ತಮ್ಮಷ್ಟಕ್ಕೇ ಏನೋ ಗೊಣಗತೊಡಗಿದರು. ಮೊದಲು ಬೈಗುಳ ಎಂದುಕೊಂಡೆ. ಕಿವಿಗೊಟ್ಟು ಕೇಳಿದರೆ ಮಗ್ಗಿ: ಒಂದನೇದಕ್ಕ ಆಂಟೆನಾ ಬಂತು, ಎರಡನೇದರಾಗ ದೊಡ್ಡದಾತು, ಮೂರನೇದರಾಗ... ಅರ್ಧಕ್ಕೆ ನಿಲ್ಲಿಸಿದರು.

“ಇಲ್ಲಿಗೆ ಬಾ. ನಿನ್ನ ಜೋಡಿ ಮಾತಾಡೋದದ.”

ಫೋನಿಟ್ಟರು.

ವಾಪಸು ಬರುವ ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಗಂಟಲಿಗೆ ತಂದುಕೊಳ್ಳಲು ನೋಡಿದೆ. ದನಿ ಸಿಕ್ಕಿದರೆ ಒಳಗಿರುವುದೇನೆಂದು ತಿಳಿಯುತ್ತದೆ, ನನ್ನ ಕಸುಬಿನ ಗುಟ್ಟೇ ಅದು. ಸಿಟ್ಟಿನಿಂದ ಹೇಳಿ ನೋಡಿದೆ, ಅದಲ್ಲ. ಅಕ್ಕರೆಯಿಂದ ಹೇಳಿ ನೋಡಿದೆ, ಅದೂ ಅಲ್ಲ. ಸಿಟ್ಟನ್ನೂ ಅಕ್ಕರೆಯನ್ನೂ ಬೆರೆಸಿದರೆ ನನ್ನ ಅಪ್ಪನ ದನಿ ಬಂತು, ಹೆದರಿ ಬಿಟ್ಟುಬಿಟ್ಟೆ. ಇಪೋ ಹೋಯಿತು, ತಾಪಾ ಹೋಯಿತು. ಯಾರ ದನಿಯನ್ನಾದರೂ ಮೂರನೇ ನಿಮಿಷಕ್ಕೆ ಕದಿಯುವವನಿಗೆ ಮೂರು ಗಂಟೆಯಾದರೂ ಅದೊಂದು ಸಿಗಲಿಲ್ಲ. ಸುಬಾಂಗಿನ ತಿರುವು ಬಂದಾಗ, ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ ಇಂಡಿಕೇಟರ್ ಹಾಕಿದೆ. ಹಿಂದಿನವನು ಬೇಸತ್ತು ಹಾರ್ನ್ ಮಾಡಿದ.

ಮನೆಯ ಮುಂದೆ ನಿಂತು ಮುದುಡಿದ ತೋಳನ್ನು ಅಂಗೈಯಿಂದ ತಿಕ್ಕಿ ನೋಡಿದೆ. ಬೆಲ್ ಒತ್ತಿದೆ. ಅಭ್ಯಾಸಬಲದಿಂದ ಎರಡನೇ ಸಲ ಒತ್ತಲು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಕುರ್ಚಿ ಸರಿದ ಸದ್ದು ಬಂತು, ಬಾಗಿಲ ಕಡೆಗೆ ಬರುತ್ತಿರುವ ಸಾಹೇಬರ ಚಪ್ಪಲಿಯ ಸದ್ದು ಬಂತು.